ಮುಚ್ಚಿಕೊಳ್ಳುವ ಚಿಪ್ಪು: ಮಂಡ್ಯ ಸೀಮೆಯ ಆಮೆಗಳ ಮೈಕಟ್ಟು



ಮಂಡ್ಯ ಕಡೆಯ ರೈತರೂ ವಿದ್ಯಾರ್ಥಿಗಳೂ ಕೂತಿರುವ ಇಂಥ ವೇದಿಕೆಯಲ್ಲಿ ಆಮೆಯ ಮೈಕಟ್ಟಿನ ಬಗ್ಗೆ ಯಾಕೆ ಮಾತು ಎಂದು ನಿಮಗೆ ಅನ್ನಿಸಿರಬಹುದು. ಕಾರಣ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ನೀರಿನ ಮಾತು ಎದ್ದರೆ ಅದು ಅಡಿ, ಟಿಎಂಸಿ, ಕ್ಯೂಸೆಕ್‌ಗಳಲ್ಲೇ ಮುಗಿಯುತ್ತದೆ. ಕನ್ನಂಬಾಡಿ ಕಟ್ಟೆಯ ನೀರು ತುಂಬು ಮಟ್ಟವಾದ 124.80 ಅಡಿ ಮುಟ್ಟಿತೇ, ವಿಶ್ವೇಶ್ವರಯ್ಯ ನಾಲೆಗೆ ಎಷ್ಟು ಕಟ್ಟು ನೀರು ಬಿಡುತ್ತಾರೆ, ಕೊನೆಯ ಭಾಗದ ಗದ್ದೆಗೆ ಬರುತ್ತದೋ ಇಲ್ಲವೋ. ಇವೆಲ್ಲ ಬದುಕಿನ ಪ್ರಶ್ನೆಗಳೇ, ಸಣ್ಣವೆಂದು ನಾನು ಹೇಳುವುದಿಲ್ಲ. ಆದರೆ ಕೆರೆ ಎಂದರೆ ಬರೀ ನೀರು ನಿಲ್ಲುವ ತಗ್ಗಲ್ಲ. ಅದಕ್ಕೆ ಕೆಸರು ಬೇಕು, ಮಣ್ಣಿನ ದಡ ಬೇಕು, ಒಣಗುವ ಕಾಲ ಬೇಕು, ಮತ್ತೆ ತುಂಬುವ ಕಾಲವೂ ಬೇಕು. ಇದನ್ನು ನಮಗೆ ಯಾವ ಎಂಜಿನಿಯರಿಗಿಂತ ಚೆನ್ನಾಗಿ ಹೇಳಬಲ್ಲದ್ದು ಅದೇ ಕೆರೆಯ ಆಮೆ. ಅದು ಹೇಳುವುದು ತನ್ನ ಮೈಯಿಂದ. ಆ ಮೈಯನ್ನು ಇವತ್ತು ನಿಧಾನವಾಗಿ ನೋಡೋಣ.

ಮಕ್ಕಳ ಪುಸ್ತಕಗಳಲ್ಲಿ ಆಮೆ ತನ್ನ ಚಿಪ್ಪನ್ನು ಕಳಚಿಟ್ಟು ಹೊರಗೆ ಬರುವ ಚಿತ್ರ ಬರೆದಿರುತ್ತಾರೆ. ಅದು ಸಾಧ್ಯವೇ ಇಲ್ಲ. ಚಿಪ್ಪು ಆಮೆಯ ಎಲುಬೇ. ಬೆನ್ನುಮೂಳೆಯೂ ಪಕ್ಕೆಲುಬುಗಳೂ ಅಗಲವಾಗಿ ಹರಡಿ ಒಂದಕ್ಕೊಂದು ಬೆಸೆದುಕೊಂಡು ಮೇಲಿನ ಚಿಪ್ಪಾಗಿವೆ. ಹೊಟ್ಟೆಯ ಕಡೆ ಇನ್ನೊಂದು ಎಲುಬಿನ ಹಲಗೆ. ಎರಡನ್ನೂ ಪಕ್ಕಗಳಲ್ಲಿ ಜೋಡಿಸುವ ಭಾಗವನ್ನು ಸೇತುವೆ ಎನ್ನುತ್ತಾರೆ. ನಮ್ಮ ಭುಜದ ಮೂಳೆ ಪಕ್ಕೆಲುಬಿನ ಗೂಡಿನ ಹೊರಗಿದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅದನ್ನು ಗೂಡಿನ ಒಳಗೇ ಇಟ್ಟುಕೊಂಡಿರುವುದು ಆಮೆಯೊಂದೇ. ಪಕ್ಕೆಲುಬು ಅಲುಗಾಡದ ಮೇಲೆ ಎದೆ ಉಬ್ಬಿಸಿ ಉಸಿರೆಳೆಯುವಂತಿಲ್ಲ. ಅದಕ್ಕಾಗಿ ಹೊಟ್ಟೆಯ ಮತ್ತು ಕಾಲಬುಡದ ಸ್ನಾಯುಗಳಿಂದ ಶ್ವಾಸಕೋಶವನ್ನು ಹಿಗ್ಗಿಸಿ ಕುಗ್ಗಿಸುವ ಬೇರೆಯದೇ ಉಪಾಯ ಅದಕ್ಕಿದೆ. ಚೀನಾದ ಗ್ವಿಝೌ ಪ್ರಾಂತ್ಯದ ಬಂಡೆಗಳಲ್ಲಿ ಸಿಕ್ಕ, 2008ರಲ್ಲಿ ಲೋಕಕ್ಕೆ ಪರಿಚಯವಾದ ಒಡೊಂಟೊಕೆಲಿಸ್ ಎಂಬ ಪಳೆಯುಳಿಕೆಗೆ ಸುಮಾರು 22 ಕೋಟಿ ವರ್ಷ ವಯಸ್ಸು. ಅದಕ್ಕೆ ಹೊಟ್ಟೆಯ ಚಿಪ್ಪು ಪೂರ್ತಿ ಬಲಿತಿದೆ, ಬೆನ್ನಿನದು ಇನ್ನೂ ಕೂಡಿಕೊಂಡಿಲ್ಲ. ನಾವೆಲ್ಲ ನೋಡಿ ಮೆಚ್ಚುವುದು ಬೆನ್ನಿನ ಚಿಪ್ಪನ್ನು. ಆಮೆಯ ಕುಲಕ್ಕೆ ಮೊದಲು ಬಂದದ್ದು ಹೊಟ್ಟೆಯದು. ಇವತ್ತಿನ ನನ್ನ ಮಾತೆಲ್ಲ ಬಹುಮಟ್ಟಿಗೆ ಆ ಹೊಟ್ಟೆಯ ಚಿಪ್ಪನ್ನು ಕುರಿತದ್ದೇ.

ಏಷ್ಯಾದಲ್ಲಿ ಪೆಟ್ಟಿಗೆ ಆಮೆ ಎಂಬ ಒಂದು ಗುಂಪಿದೆ. ವಿಜ್ಞಾನದಲ್ಲಿ ಅದರ ಕುಲದ ಹೆಸರು ಕ್ಯುಯೋರ. ಹನ್ನೆರಡು ಹದಿಮೂರು ಪ್ರಭೇದಗಳಿರುವ ಈ ಗುಂಪು ದಕ್ಷಿಣ ಚೀನಾದಿಂದ ಇಂಡೊನೇಷ್ಯಾದವರೆಗೆ ಹರಡಿದೆ. ನಮ್ಮ ದೇಶದಲ್ಲಿ ಅಸ್ಸಾಂ, ಅರುಣಾಚಲ, ಮೇಘಾಲಯದಂಥ ಈಶಾನ್ಯ ರಾಜ್ಯಗಳಲ್ಲಿಯೂ ನಿಕೋಬಾರ್ ದ್ವೀಪಗಳಲ್ಲಿಯೂ ಇದೆ. ಆಗ್ನೇಯ ಏಷ್ಯಾದ ಪೆಟ್ಟಿಗೆ ಆಮೆಯನ್ನೇ ತೆಗೆದುಕೊಳ್ಳಿ. ಒಂದು ಗೇಣಿನಷ್ಟು ಉದ್ದ. ಬೆನ್ನು ಕಪ್ಪಗೆ, ಗೋಪುರದ ಹಾಗೆ ಎತ್ತರ. ಕಪ್ಪು ತಲೆಯ ಎರಡೂ ಪಕ್ಕದಲ್ಲಿ ಹಳದಿ ಪಟ್ಟೆಗಳು, ಅರಿಸಿನ ಹಚ್ಚಿದಷ್ಟು ಸ್ಪಷ್ಟ. ಹೊಟ್ಟೆ ಕೆನೆಯ ಬಣ್ಣ, ಅದರ ಮೇಲೆ ಕಪ್ಪು ಮಚ್ಚೆಗಳು. ಇದೇ ಕುಲದ ಇನ್ನೊಂದು ಪ್ರಭೇದಕ್ಕೆ ಬೆನ್ನಿನ ಮೇಲೆ ಮೂರು ಏಣುಗಳಿವೆ, ಹಿಂಭಾಗದ ಅಂಚು ಗರಗಸದ ಹಲ್ಲಿನಂತಿದೆ. 1862ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಗ್ರೇ ಅದನ್ನು ವಿವರಿಸಿದಾಗ, ಅಂಕೋರ್ ದೇವಾಲಯಗಳನ್ನು ಯುರೋಪಿಗೆ ಪರಿಚಯಿಸಿದ ಫ್ರೆಂಚ್ ಪ್ರವಾಸಿ ಹೆನ್ರಿ ಮೂಹೊನ ಹೆಸರನ್ನು ಇಟ್ಟರು.

ಇವುಗಳ ವಿಶೇಷ ಹೊಟ್ಟೆಯಲ್ಲಿದೆ. ಹೊಟ್ಟೆಯ ಚಿಪ್ಪು ನಡುವೆ ಅಡ್ಡಲಾಗಿ ಎರಡಾಗಿದೆ. ಎರಡು ಭಾಗಗಳ ಮಧ್ಯೆ ಬಳುಕುವ ಅಂಗಾಂಶದ ಕೀಲು. ಬೆನ್ನಿಗೆ ಸೇರುವ ಕಡೆಯೂ ಎಲುಬಿನ ಬೆಸುಗೆ ಇಲ್ಲ, ಬಾಗುವ ನಾರಿನ ಹಿಡಿತ ಮಾತ್ರ. ಅಪಾಯ ಕಂಡರೆ ತಲೆ, ಕೈಕಾಲು, ಬಾಲ ಎಲ್ಲವನ್ನೂ ಒಳಗೆಳೆದುಕೊಂಡು ಮುಂದಿನ ಹಲಗೆಯನ್ನೂ ಹಿಂದಿನ ಹಲಗೆಯನ್ನೂ ಮೇಲಕ್ಕೆತ್ತಿ ಬೆನ್ನಿನ ಅಂಚಿಗೆ ಒತ್ತಿಕೊಳ್ಳುತ್ತದೆ. ಬಹುಪಾಲು ಪ್ರಭೇದಗಳಲ್ಲಿ, ಅಜ್ಜಿಯರ ಎಲೆಯಡಿಕೆ ಪೆಟ್ಟಿಗೆ ಮುಚ್ಚಿದ ಹಾಗೆ, ಸಂದು ಉಳಿಯುವುದಿಲ್ಲ. ಅಮೆರಿಕ ಖಂಡದಲ್ಲೂ ಹೀಗೆ ಮುಚ್ಚಿಕೊಳ್ಳುವ ಆಮೆಗಳಿವೆ. ಅವು ಬೇರೆಯೇ ಕುಟುಂಬದವು. ಎರಡು ಕಡೆ ಬೇರೆ ಬೇರೆಯಾಗಿ ಅದೇ ರಚನೆ ಮೂಡಿದೆ. ನಾಯಿಯೋ ನರಿಯೋ ಕಚ್ಚಿದರೆ ಹಲ್ಲಿಗೆ ಸಿಗುವಂಥದ್ದೇನೂ ಹೊರಗೆ ಉಳಿಯಬಾರದು ಎಂಬ ಒತ್ತಡ ಎರಡೂ ಕಡೆ ಒಂದೇ ಆಗಿತ್ತು.

ಈ ಅನುಕೂಲಕ್ಕೆ ಒಂದು ಬೆಲೆಯಿದೆ. ಮೈಯನ್ನೆಲ್ಲ ಒಳಗೆ ತುಂಬಿಕೊಳ್ಳಬೇಕಾದರೆ ಒಳಗೆ ಜಾಗ ಬೇಕು, ಜಾಗ ಬೇಕಾದರೆ ಬೆನ್ನು ಎತ್ತರವಾಗಬೇಕು. ಎತ್ತರದ ಬೆನ್ನು ಹೊತ್ತು ರಭಸದ ನೀರಿನಲ್ಲಿ ಈಜಲಾಗದು. ಹಾಗಾಗಿ ಪೆಟ್ಟಿಗೆ ಆಮೆಗಳು ಆಳವಿಲ್ಲದ ಜೌಗು, ನಿಂತ ನೀರು, ಕಾಡಿನ ನೆಲ ಇಂಥಲ್ಲಿ ವಾಸಿಸುತ್ತವೆ. ನರಿಯ ಹಲ್ಲಿಗೆ ಸಿಗದ ಈ ಆಮೆ ಮನುಷ್ಯನ ಚೀಲಕ್ಕೆ ಸುಲಭವಾಗಿ ಸಿಕ್ಕಿತು. ಮುಚ್ಚಿಕೊಂಡು ಕೂತುಬಿಡುವ ಪ್ರಾಣಿಯನ್ನು ಎತ್ತಿಕೊಂಡು ಹೋಗುವುದಕ್ಕೆ ಬಲೆಯೂ ಬೇಡ. ಚೀನಾದ ಔಷಧಿ ಮಾರುಕಟ್ಟೆ, ಮಾಂಸದ ಮಾರುಕಟ್ಟೆ, ಸಾಕುಪ್ರಾಣಿ ವ್ಯಾಪಾರ ಮೂರೂ ಸೇರಿ ಈ ಕುಲವನ್ನು ಎಷ್ಟು ಬರಿದು ಮಾಡಿದವೆಂದರೆ, 2000ದಲ್ಲಿ ಇಡೀ ಕುಲವನ್ನೇ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಬೇಕಾಯಿತು.

ಈಗ ನಮ್ಮ ಕೆರೆಗೆ ಬರೋಣ. ಪೆಟ್ಟಿಗೆ ಆಮೆಯ ಬಂಧು ಯಾವುದಾದರೂ ಮಂಡ್ಯ ಸೀಮೆಯಲ್ಲಿದೆಯೇ? ಇದೆ. ಕರಿ ಆಮೆ. ಮೆಲನೊಕೆಲಿಸ್ ಟ್ರೈಜುಗ ಎಂಬುದು ಅದರ ಶಾಸ್ತ್ರೀಯ ಹೆಸರು. ಕ್ಯುಯೋರಕ್ಕೂ ಇದಕ್ಕೂ ಕುಟುಂಬ ಒಂದೇ. ಕಪ್ಪು ಅಥವಾ ಕಡುಕಂದು ಬೆನ್ನು, ಅದರ ಮೇಲೆ ಉದ್ದಕ್ಕೂ ಮೂರು ಏಣುಗಳು, ಮುಂಗಾಲಿಗೆ ಐದೈದು ಉಗುರು, ಹಿಂಗಾಲಿಗೆ ನಾಲ್ಕು ನಾಲ್ಕು. ನಮ್ಮ ಭಾಗದ್ದರ ತಲೆಯ ಮೇಲೆ ಹಳದಿ ಗೆರೆಗಳ ಬಲೆಯಂಥ ಗುರುತು ಕಾಣುತ್ತದೆ. ಜೊಂಡು ಬೆಳೆದ ಕೆರೆ, ಹಳ್ಳ, ಬಾವಿಗಳಲ್ಲಿ ಇದರ ವಾಸ. ಬಂಧುವಾದರೂ ಇದಕ್ಕೆ ಆ ಕೀಲು ಇಲ್ಲ. ಹೊಟ್ಟೆಯ ಚಿಪ್ಪು ಒಂದೇ ಹಲಗೆ, ಬೆನ್ನಿಗೆ ಗಟ್ಟಿಯಾಗಿ ಬೆಸೆದುಕೊಂಡಿದೆ.

ಇದೇ ಕುಟುಂಬದ ಇನ್ನೊಂದು ಆಮೆಯ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಪಶ್ಚಿಮಘಟ್ಟದ ಬೆತ್ತದ ಕಾಡಿನ ಸಣ್ಣ ಆಮೆ ಅದು, ಕರ್ನಾಟಕದ ಘಟ್ಟದಲ್ಲೂ ಇದೆ. 1912ರಲ್ಲಿ ವಿವರಣೆಗೆ ಬಂದಮೇಲೆ ವಿಜ್ಞಾನಿಗಳ ಕಣ್ಣಿಗೆ ಬಿದ್ದೇ ಇರಲಿಲ್ಲ. 1982ರಲ್ಲಿ ಜೆ. ವಿಜಯ ಎಂಬ ಯುವತಿ ಕೇರಳದ ಕಾಡಿನಲ್ಲಿ ಕಾಡುವಾಸಿಗಳ ನೆರವಿನಿಂದ ಅದನ್ನು ಮತ್ತೆ ಹುಡುಕಿದರು. ಭಾರತದ ಮೊದಲ ಮಹಿಳಾ ಉರಗತಜ್ಞೆ ಅವರು. ಆಮೆಗಳ ಮಾಂಸದ ವ್ಯಾಪಾರವನ್ನು ಮಾರುಕಟ್ಟೆಗಳಲ್ಲೇ ನಿಂತು ದಾಖಲಿಸಿದವರು. 1987ರಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡರು. 2006ರಲ್ಲಿ ಆ ಆಮೆಯ ಕುಲಕ್ಕೇ ವಿಜಯಕೆಲಿಸ್ ಎಂದು ಹೆಸರಿಟ್ಟರು. ಇಲ್ಲಿ ಕೂತಿರುವ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಕರಿ ಆಮೆ ಪೆಟ್ಟಿಗೆ ಆಮೆಗೆ ರಕ್ತದಲ್ಲಿ ಹತ್ತಿರ. ಆದರೆ ಮುಚ್ಚಿಕೊಳ್ಳುವ ಉಪಾಯದಲ್ಲಿ ಹತ್ತಿರವಾದದ್ದು ನಮ್ಮಲ್ಲಿ ಇನ್ನೊಂದಿದೆ, ಅದು ಸಂಬಂಧದಲ್ಲಿ ತುಂಬ ದೂರದ್ದು. ಕೆರೆಯ ಹೂಳೆತ್ತುವಾಗ, ಗದ್ದೆಗೆ ನೀರು ಕಟ್ಟುವಾಗ, ಬಲೆ ಎಳೆಯುವಾಗ ನೀವೆಲ್ಲ ಕಂಡಿರುವ ಮೆತ್ತನೆ ಬೆನ್ನಿನ ಆಮೆ. ಲಿಸ್ಸೆಮಿಸ್ ಪಂಕ್ಟೇಟ. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಬೊನ್ನಾಟೇರ್ 1789ರಲ್ಲೇ ಇದನ್ನು ವಿವರಿಸಿದರು. ಇದಕ್ಕೆ ಕರಿ ಆಮೆಯ ಹಾಗೆ ಕೊಂಬಿನಂಥ ಗಟ್ಟಿ ಬಿಲ್ಲೆಗಳಿಲ್ಲ. ಎಲುಬಿನ ಮೇಲೆ ನೇರವಾಗಿ ಚರ್ಮ ಹೊದ್ದಿದೆ, ಮುಟ್ಟಿದರೆ ನುಣುಪು. ಬಣ್ಣ ಕೆಸರಿನದೇ ಬಣ್ಣ: ಹಸಿರು ಬೆರೆತ ಕಂದು. ಉತ್ತರ ಭಾರತದ ಗಂಗಾ ಬಯಲಿನ ಇದೇ ಪ್ರಭೇದದ ಆಮೆಗೆ ಬೆನ್ನ ತುಂಬ ಹಳದಿ ಚುಕ್ಕೆ; ನಮ್ಮದಕ್ಕೆ ಚುಕ್ಕೆ ಇಲ್ಲ. ಹೆಣ್ಣು ಗಂಡಿಗಿಂತ ದೊಡ್ಡದು. ಗಂಡಿನ ಬಾಲ ಉದ್ದ, ದಪ್ಪ. ಮೂತಿ ಸಣ್ಣ ಕೊಳವೆಯಂತೆ ಮುಂದಕ್ಕೆ ಚಾಚಿದೆ. ಮೈಯೆಲ್ಲ ನೀರೊಳಗೆ ಇಟ್ಟುಕೊಂಡು ಆ ಮೂತಿಯ ತುದಿಯನ್ನಷ್ಟೇ ಮೇಲೆತ್ತಿ ಉಸಿರೆಳೆಯುತ್ತದೆ. ಪ್ರತಿ ಕಾಲಿಗೆ ಮೂರೇ ಉಗುರು, ಬೆರಳುಗಳ ನಡುವೆ ಅಗಲವಾದ ಜಾಲಪೊರೆ. ಕುತ್ತಿಗೆ ನೋಡಿದ್ದಕ್ಕಿಂತ ಬಹಳ ಉದ್ದ. ಹಿಂದಿನಿಂದ ಹಿಡಿದವರ ಕೈಗೂ ತಿರುಗಿ ಕಚ್ಚಬಲ್ಲದು.

ಇನ್ನು ಹೊಟ್ಟೆ. ತಿರುಗಿಸಿ ನೋಡಿದರೆ ಬಿಳಿಚಿದ ಚರ್ಮದಡಿ ಏಳು ಒರಟು ಎಲುಬಿನ ದಡ್ಡುಗಳು ಕಾಣುತ್ತವೆ. ಮುಂಭಾಗದ ಹಲಗೆ ಕೀಲಿನ ಮೇಲೆ ಕೂತಿದೆ. ತಲೆಯನ್ನೂ ಮುಂಗಾಲುಗಳನ್ನೂ ಒಳಗೆಳೆದುಕೊಂಡು ಆ ಹಲಗೆಯನ್ನು ಎತ್ತಿದರೆ ಮುಂದಿನ ಬಾಯಿ ಮುಚ್ಚಿತು. ಹಿಂದುಗಡೆ ಎರಡು ಅರ್ಧಚಂದ್ರದಾಕಾರದ ಮೆತ್ತನೆ ಮಡಿಕೆಗಳು. ಹಿಂಗಾಲುಗಳನ್ನು ಮಡಿಸಿಕೊಂಡ ಕೂಡಲೇ ಒಂದೊಂದು ಮಡಿಕೆ ಒಂದೊಂದು ಕಾಲಿನ ಮೇಲೆ ಮುಚ್ಚಿಕೊಳ್ಳುತ್ತದೆ. ಮೆತ್ತನೆ ಚಿಪ್ಪಿನ ಆಮೆಗಳ ಕುಟುಂಬದಲ್ಲಿ ಬೆನ್ನಿನ ಅಂಚಿಗೆ ಸಾಮಾನ್ಯವಾಗಿ ಎಲುಬು ಇರುವುದಿಲ್ಲ. ಇದಕ್ಕೆ ಮಾತ್ರ ಹಿಂಭಾಗದ ಅಂಚಿನ ಚರ್ಮದೊಳಗೆ ಸಣ್ಣ ಎಲುಬುಗಳ ಸಾಲಿದೆ. ಪೆಟ್ಟಿಗೆ ಆಮೆಯಷ್ಟು ಬಿಗಿಯಾದ ಮುಚ್ಚಳ ಇದಲ್ಲ. ಅಷ್ಟು ಬಿಗಿ ಬೇಕಾದರೆ ಬೆನ್ನು ಎತ್ತರವಾಗಬೇಕಿತ್ತು, ಎತ್ತರವಾದರೆ ಈಜು ಹೋಗುತ್ತಿತ್ತು, ಕೆಸರಿನೊಳಗೆ ಜಾರಿಕೊಳ್ಳುವ ಶಕ್ತಿಯೂ ಹೋಗುತ್ತಿತ್ತು. ಚಪ್ಪಟೆ ಮೈಯನ್ನೂ ಉಳಿಸಿಕೊಂಡು ಮುಚ್ಚಳವನ್ನೂ ಪಡೆದ ಈ ನಡುದಾರಿ, ಆಮೆಗಳ ಲೋಕದ ಅತ್ಯುತ್ತಮ ರಚನೆಗಳಲ್ಲಿ ಒಂದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾಕೆ ಬೇಕಾಯಿತು ಈ ನಡುದಾರಿ? ನಮ್ಮ ಕೆರೆಗಳ ಸ್ವಭಾವ ನೋಡಿ. ಮಳೆಗಾಲದಲ್ಲಿ ಕೋಡಿ ಬೀಳುತ್ತದೆ, ಬೇಸಿಗೆಯಲ್ಲಿ ಅಂಗಳ ಬಿರುಕು ಬಿಡುತ್ತದೆ. ನೀರಿಳಿಯುತ್ತ ಬಂದಾಗ ಈ ಆಮೆ ಕೆಸರಿನೊಳಗೆ ಹೂತುಕೊಳ್ಳುತ್ತದೆ. ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ, ಮೈಯ ಕೆಲಸವನ್ನೆಲ್ಲ ನಿಧಾನ ಮಾಡಿಕೊಂಡು ಅಲ್ಲೇ ಇರುತ್ತದೆ. ಹಾಗೆ ಹೂತಿರುವಾಗ ಮುಂದಿನ ಹಲಗೆಯೂ ಹಿಂದಿನ ಮಡಿಕೆಗಳೂ ಮೆತ್ತನೆಯ ಭಾಗಗಳಿಗೆ ಆಸರೆ. ನೀರಿರುವಾಗ ಮುಳುಗಿಯೇ ಬಹಳ ಹೊತ್ತು ಇರಬಲ್ಲದು. ಚರ್ಮದ ಮೂಲಕವೂ ಗಂಟಲಿನ ಒಳಪೊರೆಯ ಮೂಲಕವೂ ನೀರಲ್ಲಿ ಕರಗಿದ ಆಮ್ಲಜನಕವನ್ನು ಒಂದಷ್ಟು ಹೀರಿಕೊಳ್ಳುತ್ತದೆ. ಕೆರೆ ಪೂರ್ತಿ ಬತ್ತಿದರೆ ರಾತ್ರಿ ಹೊತ್ತು ನೆಲದ ಮೇಲೆ ನಡೆದು ಇನ್ನೊಂದು ನೀರನ್ನು ಹುಡುಕುತ್ತದೆ. ಆಗ ಎದುರಾಗುವ ನರಿ, ನಾಯಿ, ಮುಂಗುಸಿಗಳ ಮುಂದೆ ಆ ಮಡಿಕೆಗಳೇ ಅದಕ್ಕೆ ದಿಕ್ಕು.

ಮೊಟ್ಟೆಯ ಸಂಗತಿ ಇನ್ನೂ ವಿಶೇಷವಾದದ್ದು. ದಡದ ಮಣ್ಣಿನಲ್ಲಿ ಗುಂಡಿ ತೋಡಿ ಗುಂಡಗಿನ, ಬಿಳಿಯ, ಗಟ್ಟಿ ಸಿಪ್ಪೆಯ ಮೊಟ್ಟೆಗಳನ್ನು ಇಡುತ್ತದೆ. ಒಂದೊಂದೂ ಸುಮಾರು ಮೂರು ಸೆಂಟಿಮೀಟರ್ ಅಗಲ. ಕೋಳಿಮೊಟ್ಟೆ 21 ದಿನಕ್ಕೆ ಒಡೆಯುತ್ತದೆ. ಈ ಮೊಟ್ಟೆಯೊಳಗಿನ ಭ್ರೂಣ ಬೆಳವಣಿಗೆಯನ್ನು ತಡೆಹಿಡಿದುಕೊಂಡು ಕಾಯಬಲ್ಲದು. ಒಂಬತ್ತು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಒಣ ಕಾಲವನ್ನು ಮೊಟ್ಟೆಯೊಳಗೇ ಕಳೆದು ಮಳೆ ಬಂದಾಗ ಮರಿ ಹೊರಬರುತ್ತದೆ. ಅಂದರೆ ಕೆರೆಯ ದಡದ ಮಣ್ಣು ವರ್ಷದ ಬಹುಪಾಲು ಯಾರೂ ಅಗೆಯದೆ ಇರಬೇಕು.

ತಿನ್ನುವುದು ಏನನ್ನು? ಬಸವನಹುಳು, ಸೀಗಡಿ, ಕಪ್ಪೆ, ಮೀನು, ನೀರಗಿಡ, ಸತ್ತ ಪ್ರಾಣಿಯ ಮಾಂಸ. ಕೊಳೆತದ್ದನ್ನು ತಿಂದು ನೀರನ್ನು ಚೊಕ್ಕಟವಾಗಿಡುವ ಈ ಕೆಲಸಕ್ಕೆ ನಾವು ಯಾವ ಕೂಲಿಯನ್ನೂ ಕೊಡುತ್ತಿಲ್ಲ.

ದೊಡ್ಡ ಹೊಳೆಯಲ್ಲಿ ಇದರ ದೊಡ್ಡ ದಾಯಾದಿಯೊಂದಿದೆ. ಲೀತನ ಮೆತ್ತನೆ ಚಿಪ್ಪಿನ ಆಮೆ, ಕಾವೇರಿಯಂಥ ದಕ್ಷಿಣದ ನದಿಗಳಿಗಷ್ಟೇ ಸೇರಿದ್ದು. ಹಿಂಗಾಲಿನ ಮಡಿಕೆ ಅದಕ್ಕಿಲ್ಲ. ಆಳವಾದ ನೀರೇ ಅದರ ರಕ್ಷಣೆ. ಈಗ ಅತೀವ ಅಪಾಯದಲ್ಲಿರುವ ಪ್ರಭೇದವೆಂದು ಅದನ್ನು ಗುರುತಿಸಿದ್ದಾರೆ. 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ ಸಭೆಯಲ್ಲಿ ಭಾರತದ ಒತ್ತಾಯದ ಮೇಲೆಯೇ ಅದು ಮೊದಲ ಪಟ್ಟಿಗೆ ಏರಿತು.

ನೆಲದ ಆಮೆಯನ್ನೂ ಒಂದು ಮಾತಿನಲ್ಲಿ ನೋಡಿಬಿಡೋಣ. ಒಣ ಕುರುಚಲು ಕಾಡಿನ ನಕ್ಷತ್ರ ಆಮೆಯ ಬೆನ್ನಿನ ನಡುಭಾಗದಲ್ಲಿ ಹದಿಮೂರು ದೊಡ್ಡ ಬಿಲ್ಲೆಗಳು, ಒಂದೊಂದರ ನಡುವಿಂದ ಹಳದಿ ಕಿರಣಗಳು. ಅದಕ್ಕೆ ಕೀಲೂ ಇಲ್ಲ, ಮಡಿಕೆಯೂ ಇಲ್ಲ. ಎತ್ತರದ ಬೆನ್ನು ಅದಕ್ಕೆ ಬೇರೊಂದು ಉಪಕಾರ ಮಾಡಿದೆ: ಮಗುಚಿಬಿದ್ದರೆ ತಾನಾಗಿಯೇ ಉರುಳಿ ಎದ್ದುಕೊಳ್ಳಲು ನೆರವಾಗುತ್ತದೆ. ಹಂಗೇರಿಯ ವಿಜ್ಞಾನಿಗಳಾದ ಡೊಮೊಕೋಶ್ ಮತ್ತು ವಾರ್ಕೊನಿ, ಹೇಗೆ ಇಟ್ಟರೂ ಒಂದೇ ನಿಲುವಿಗೆ ಬಂದು ನಿಲ್ಲುವ ಗೋಂಬೋಟ್ಸ್ ಎಂಬ ಆಕಾರವನ್ನು 2006ರಲ್ಲಿ ರೂಪಿಸಿದರು. ಆಮೇಲೆ ಆಮೆಗಳನ್ನು ಅಳೆದು ನೋಡಿದಾಗ ಆ ಆಕಾರಕ್ಕೆ ತುಂಬ ಹತ್ತಿರವಾಗಿ ಕಂಡದ್ದು ನಕ್ಷತ್ರ ಆಮೆಯ ಚಿಪ್ಪು.

ಈ ಮೊದಲು ಉಗುರಿನ ಮಾತು ಬಂದದ್ದರಿಂದ ಒಂದು ವಂಚನೆಯ ಬಗ್ಗೆ ಎಚ್ಚರಿಸಬೇಕು. ಇಪ್ಪತ್ತು ಉಗುರಿನ ಆಮೆ ಮನೆಗೆ ಬಂದರೆ ಐಶ್ವರ್ಯ ಬರುತ್ತದೆ ಎಂದು ನಂಬಿಸಿ ಲಕ್ಷಗಟ್ಟಲೆ ಹಣ ಕೀಳುವ ದಂಧೆ ನಮ್ಮ ರಾಜ್ಯದಲ್ಲೂ ಇದೆ. ಲೆಕ್ಕ ಮಾಡಿ. ಕರಿ ಆಮೆಗೆ ಹದಿನೆಂಟು ಉಗುರು. ನಕ್ಷತ್ರ ಆಮೆಗೂ ಸಾಮಾನ್ಯವಾಗಿ ಹದಿನೆಂಟೇ. ಕೆರೆಯ ಮೆತ್ತನೆ ಆಮೆಗೆ ಹನ್ನೆರಡು. ಹುಟ್ಟಿನಲ್ಲಿ ಎಲ್ಲೋ ಒಂದಕ್ಕೆ ಹೆಚ್ಚು ಬೆರಳು ಬಂದಿರಬಹುದು. ಅದು ದೇಹದ ಏರುಪೇರು, ಅದರಲ್ಲಿ ಲಕ್ಷ್ಮಿ ಕೂತಿಲ್ಲ. ಆ ಒಂದನ್ನು ಹುಡುಕಲು ನೂರಾರು ಆಮೆಗಳನ್ನು ಹಿಡಿದು ಚೀಲದಲ್ಲಿ ತುಂಬುತ್ತಾರೆ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಇರುವುದಿಲ್ಲ.

ಇಷ್ಟು ಹೊತ್ತು ಹೇಳಿದ ಮೈಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಇವತ್ತಿನ ಕೆರೆ ನಾಲೆಗಳ ಕಾಮಗಾರಿಯನ್ನು ನೋಡಿ. ನಾಲೆಗೆ ಸಿಮೆಂಟಿನ ಲೈನಿಂಗ್ ಹಾಕುವುದು ಕೊನೆಯ ಭಾಗದ ರೈತನಿಗೆ ನೀರು ತಲುಪಲಿ ಎಂದು. ಅದನ್ನು ಬೇಡವೆನ್ನಲು ನಾನು ನಿಂತಿಲ್ಲ. ಆದರೆ ಮೂರೇ ಮೂರು ಉಗುರಿನ, ಜಾಲಪೊರೆಯ ಕಾಲು ಕೆಸರನ್ನು ತೋಡಲು, ನೀರನ್ನು ತಳ್ಳಲು ಆದದ್ದು. ನುಣುಪಾದ ಕಡಿದಾದ ಕಾಂಕ್ರೀಟ್ ಗೋಡೆ ಹತ್ತಲು ಆದದ್ದಲ್ಲ. ನಾಲೆಗೆ ಬಿದ್ದ ಆಮೆ ಮೇಲೆ ಬರಲಾರದೆ ಹರಿವಿನೊಂದಿಗೆ ಹೋಗುತ್ತದೆ. ಕಟ್ಟು ನೀರು ನಿಂತಾಗ ಹೂತುಕೊಳ್ಳಲು ಅಲ್ಲಿ ಕೆಸರೂ ಇಲ್ಲ. ಕೆರೆಗೆ ಸುತ್ತಲೂ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಪಾತ್ ಮಾಡಿ ಚೆಂದ ಮಾಡಿದೆವು ಎಂದು ನಾವು ಸಂತೋಷಪಡುತ್ತೇವೆ. ಮೊಟ್ಟೆಯಿಡಲು ಬಂದ ಹೆಣ್ಣಿಗೆ ಒಂದು ಗೇಣು ಮಣ್ಣೂ ಉಳಿದಿರುವುದಿಲ್ಲ.

ಹೂಳೆತ್ತುವುದೂ ಹಾಗೆಯೇ. ಕೆರೆ ಒಣಗಿದ ಬೇಸಿಗೆಯಲ್ಲೇ ಜೆಸಿಬಿ ಇಳಿಯುತ್ತದೆ, ಬೇರೆ ಕಾಲದಲ್ಲಿ ಸಾಧ್ಯವೂ ಇಲ್ಲ. ಆದರೆ ಆಮೆ ಅದೇ ಹೂಳಿನೊಳಗೆ ಮಲಗಿರುವ ಕಾಲವೂ ಅದೇ. ಬಕೆಟ್ಟಿನ ಹಲ್ಲಿನ ಮುಂದೆ ಯಾವ ಮಡಿಕೆಯೂ ಉಪಯೋಗಕ್ಕೆ ಬಾರದು. ಮದ್ದೂರಿನ ಕೆರೆಯಿರಲಿ, ಮಳವಳ್ಳಿಯ ಮಾರೇಹಳ್ಳಿ ಕೆರೆಯಿರಲಿ, ನಿಮ್ಮ ಊರಿನ ಸಣ್ಣ ಕಟ್ಟೆಯಿರಲಿ, ಇಡೀ ಅಂಗಳವನ್ನು ಒಂದೇ ವರ್ಷ ಬಗೆಯದೆ ಭಾಗ ಮಾಡಿಕೊಂಡು ಎತ್ತಬಹುದು. ತೂಬಿನ ಹತ್ತಿರದ ಕೊನೆಯ ಕೆಸರಿನ ಗುಂಡಿಯನ್ನು ಮುಟ್ಟದೆ ಬಿಡಬಹುದು. ಇದಕ್ಕೆ ಸರ್ಕಾರದ ಹೊಸ ಯೋಜನೆ ಬೇಕಿಲ್ಲ. ಕೆಲಸ ಮಾಡಿಸುವವರ ಗಮನ ಸಾಕು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನಾನು ಬೇರೆ ಊರಿನವರ ಮುಂದೆ ಹೆಮ್ಮೆಯಿಂದ ಹೇಳುತ್ತೇನೆ. ಹಿತ್ತಲಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆಗೂ ಬಣ್ಣದ ಕೊಕ್ಕರೆಗೂ ತಲೆಮಾರುಗಳಿಂದ ಜಾಗ ಕೊಟ್ಟ ಊರು ಅದು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಇತ್ತ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಿ 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗೆ ಇಷ್ಟು ಮಾಡಿದ ಜಿಲ್ಲೆ ಆಮೆಗೂ ಮಾಡಬಲ್ಲದು. ಹಕ್ಕಿ ಕಣ್ಣೆದುರು ಕೂರುತ್ತದೆ, ಆಮೆ ಕೂರುವುದಿಲ್ಲ. ಆದ್ದರಿಂದ ಅದರ ಪರವಾಗಿ ಯಾರಾದರೂ ಮಾತಾಡಬೇಕು.

ಕಾನೂನು ನಮ್ಮ ಕಡೆಗಿದೆ. ಕೆರೆಯ ಈ ಮೆತ್ತನೆ ಆಮೆಯೂ ನಕ್ಷತ್ರ ಆಮೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ. ಹಿಡಿದರೂ ಸಾಕಿದರೂ ಮಾರಿದರೂ ತಿಂದರೂ ಅಪರಾಧ. ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅಂಗಡಿಯಲ್ಲಿ ಮಾರುವ, ಕಣ್ಣ ಹಿಂದೆ ಕೆಂಪು ಪಟ್ಟೆಯಿರುವ ಪುಟ್ಟ ಆಮೆ ಅಮೆರಿಕದ್ದು. ಸಾಕಿ ಬೇಸರವಾದಾಗ ಅದನ್ನು ದಯವಿಟ್ಟು ನಮ್ಮ ಕೆರೆಗೆ ಬಿಡಬೇಡಿ; ನಮ್ಮ ಆಮೆಗಳ ಆಹಾರಕ್ಕೂ ಜಾಗಕ್ಕೂ ಅದು ಪೈಪೋಟಿಗಿಳಿಯುತ್ತದೆ.

ರೈತ ಬಂಧುಗಳಲ್ಲಿ ಎರಡು ಕೋರಿಕೆ. ಹೂಳೆತ್ತುವಾಗ ಆಮೆ ಸಿಕ್ಕರೆ ದೂರದ ದೇವಸ್ಥಾನದ ಬಾವಿಗೆ ಒಯ್ಯಬೇಡಿ. ಬಾಯಿಗೆ ಸಿಗದಂತೆ ಚಿಪ್ಪಿನ ಹಿಂಭಾಗದ ಎರಡೂ ಪಕ್ಕ ಹಿಡಿದು, ಅದೇ ಕೆರೆಯ ಒದ್ದೆ ಕೆಸರಿರುವ ಮೂಲೆಗೆ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಮುಂದಿನ ಗ್ರಾಮಸಭೆಯಲ್ಲಿ ಕೆರೆ ಕಾಮಗಾರಿ ಚರ್ಚೆಗೆ ಬಂದಾಗ ಎದ್ದು ನಿಂತು, ದಡದ ಒಂದು ಬದಿಯನ್ನು ಕಲ್ಲು ಕಟ್ಟದೆ ಮಣ್ಣಿನ ಇಳಿಜಾರಾಗಿಯೇ ಬಿಡಬೇಕೆಂದು ನಡಾವಳಿಯಲ್ಲಿ ಬರೆಸಿ.